ಇಂಗ್ಲಿಷ್ ಪಿಚ್ಚರಿಗೆ ಸಕ್ಕರೆ ಹಂಚಿದ ಬೀಗಿತ್ತಿ

ನಮ್ಮ ಬೀಗಿತ್ತಿಗೆ ಇಂಗ್ಲಿಷಿನಲ್ಲಿ ಎ ಬಿ ಸಿ ಡಿ ಕೂಡ ಬರುವುದಿಲ್ಲ. ಆದರೂ ಕಳೆದ ಡಿಸೆಂಬರಿನಲ್ಲಿ ಅವರು ನಮ್ಮ ಹಾಲ್‌ನಲ್ಲಿ ಕೂತಲ್ಲೇ ಎಂಟೋ ಒಂಬತ್ತೋ ಇಂಗ್ಲಿಷ್ ಸಂಬಂಧ ಕುದುರಿಸಿ, ಬಂದವರಿಗೆಲ್ಲ ಸಕ್ಕರೆ ಹಂಚಿದರು ಎಂದರೆ ನೀವು ನಂಬುತ್ತೀರಾ? ನನ್ನ ಮಾತು ನಂಬಬೇಡಿ. ನಮ್ಮ ಯಜಮಾನರ ಬ್ಲಡ್ ಟೆಸ್ಟ್ ನೋಡಿದರೆ ತಾನಾಗಿ ನಂಬುತ್ತೀರಿ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಅಭ್ಯಾಸ ಇಲ್ಲ. ಆದರೆ ಅಜ್ಜಿಯಾದವಳಿಗೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕಾಗುತ್ತದೆಯೇ? ಗಣೇಶನ ಹಬ್ಬದ ಹಿಂದುಮುಂದು ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಗುಂಡುಗುಂಡಗೆ, ಕೈಗೆ ತೆಗೆದುಕೊಂಡರೆ ಆಗ ತಾನೇ ಒಲೆಯಿಂದ ಇಳಿಸಿದ ರಾಗಿಮುದ್ದೆಯ ಹಾಗೆ ಬೆಚ್ಚಗೆ! ದೃಷ್ಟಿಯಾದೀತೆಂದು ಹೆಚ್ಚು ಹೇಳುವುದಿಲ್ಲ. ಇಷ್ಟು ಹೇಳುತ್ತೇನೆ: ತರಕಾರಿ ಗಾಡಿಯವನಿಂದ ಹಿಡಿದು ಗ್ಯಾಸ್ ತರುವವನವರೆಗೆ ನಮ್ಮ ಬೀದಿಯಲ್ಲಿ ಆ ಮಗುವಿನ ಆಕಳಿಕೆಯ ವರ್ಣನೆ ಕೇಳದವರು ಯಾರೂ ಉಳಿದಿಲ್ಲ.

ನಮ್ಮದು ಸುಬ್ರಹ್ಮಣ್ಯಪುರ. ಮೊದಲು ಹೊಲ ಇತ್ತು, ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಬೆಳೆದಿದೆ. ನಮಗೆ ಉಳಿದದ್ದು ಕೆಳಗೊಂದು ಮನೆ, ಮೇಲೊಂದು ಬಾಡಿಗೆ ಮನೆ. ಬೀಗಿತ್ತಿ, ಅಂದರೆ ಮಗಳ ಅತ್ತೆ, ಧಾರವಾಡದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಬಿಟಿಎಂ ಲೇಔಟಿನಲ್ಲಿ ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾರೆ. ಮಗಳು ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಳು. ಅಳಿಯಂದಿರು ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಲ್ಲಿಗೆ ಬೀಗಿತ್ತಿಯ ಜೊತೆಗೆ ಉಳಿದದ್ದು ನಾಲ್ಕು ಗೋಡೆ, ಒಂದು ಕುಕ್ಕರ್.

"ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ನಾ 'ಏನವಾ?' ಅಂತೀನ್ರಿ ಬೀಗ್ರ," ಎಂದು ಒಮ್ಮೆ ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು.

ಹಾಗಾದರೆ ದಿನಾ ನಮ್ಮ ಮನೆಗೆ ಬಂದು ಮೊಮ್ಮಗಳನ್ನು ಎತ್ತಿಕೊಳ್ಳಬಹುದಲ್ಲ ಎನ್ನುತ್ತೀರಿ. ನಾನೂ ಹೇಳಿದೆ, ಒಂದು ಸಲ ಅಲ್ಲ, ಹತ್ತು ಸಲ. ಆದರೆ ಅವರ ಕಾಯಿದೆ ಬೇರೆ. ಗಂಡಿನ ತಾಯಿಯಾದವಳು ಕಾರಣವಿಲ್ಲದೆ ಹೆಣ್ಣು ಕೊಟ್ಟವರ ಹೊಸಿಲು ತುಳಿಯಬಾರದಂತೆ. ಬಂದರೂ ಬರಿಗೈಯಲ್ಲಿ ಬರಬಾರದಂತೆ. ಸುಮ್ಮನೆ ದಿನಾ ಬಂದು ಕೂತರೆ ಬಾಣಂತನ ಹೇಗೆ ಮಾಡುತ್ತಿದ್ದಾರೆಂದು ಪರೀಕ್ಷೆ ಮಾಡಲು ಬಂದಿದ್ದಾರೆ ಎಂದು ಜನ ಅನ್ನುತ್ತಾರಂತೆ. ಯಾವ ಜನ? ನಮ್ಮ ಬೀದಿಯಲ್ಲಿ ಯಾರು ಸತ್ತರು ಯಾರು ಹುಟ್ಟಿದರು ಎಂದು ಕೇಳುವ ಜನರೇ ಈಗ ಇಲ್ಲ! ಆದರೆ ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವರು. ಒಂದು ಸಲ ಶೇಂಗಾ ಹಿಂಡಿ, ಒಂದು ಸಲ ಅಂಟಿನುಂಡೆ ತರುವರು. ಮಗುವನ್ನು ಒಂದು ಗಳಿಗೆ ಎತ್ತಿಕೊಂಡು, ನೋಡಬೇಕೋ ಬೇಡವೋ ಎನ್ನುವ ಹಾಗೆ ನೋಡಿ, ಚಹಾ ಕುಡಿದು ಎದ್ದುಬಿಡುವರು.

ಹೀಗಿರುವಾಗ ಡಿಸೆಂಬರ್ ಬಂತು. ಮಧ್ಯಾಹ್ನ ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಆದ ಮೇಲೆ ಮಗಳು ಹಾಲೂಡಿಸುತ್ತ ಟಿವಿಯಲ್ಲಿ ಒಂದು ಇಂಗ್ಲಿಷ್ ಪಿಚ್ಚರ್ ಹಾಕಿದಳು. ಕ್ರಿಸ್‌ಮಸ್ ಪಿಚ್ಚರ್. ಕತೆ ಇಷ್ಟೇ. ಹಿಮ ಸುರಿಯುವ ಒಂದು ಊರು. ಹಬ್ಬಕ್ಕೆ ಮನೆಗೆ ಹೊರಟವರ ಬಸ್ಸು ಅಲ್ಲಿ ಕೆಟ್ಟು ನಿಲ್ಲುತ್ತದೆ. ಬಸ್ಸಿನಲ್ಲಿದ್ದವರನ್ನು ಊರಿನವರು ತಮ್ಮ ತಮ್ಮ ಮನೆಗೆ ಹಂಚಿಕೊಳ್ಳುತ್ತಾರೆ. ಆಮೇಲೆ ಇನ್ನೇನು? ಬ್ರೆಡ್ಡಿನ ಅಂಗಡಿಯವಳಿಗೆ ಡ್ರೈವರು, ಡಾಕ್ಟರಿಗೆ ಹಾಡು ಹೇಳುವವಳು, ಪೊಲೀಸಿನವಳಿಗೆ ಕೆಂಪು ಅಂಗಿ ಬಿಳಿಗಡ್ಡದ ವೇಷ ಹಾಕಿದವನು... ನೋಡಿದ ಕಡೆಯೆಲ್ಲ ಜೋಡಿ!

ಅವತ್ತು ಬೀಗಿತ್ತಿ ಬಂದಿದ್ದರು. ಚಹಾ ಕುಡಿದು ಏಳಬೇಕಾದವರು ಲೋಟ ಹಿಡಿದುಕೊಂಡೇ ನಿಂತುಬಿಟ್ಟರು.

"ಇಕಿ ಯಾರಕಿ? ಆಂವ ಯಾರಂವ? ಯಾಕ ಒಬ್ಬರ ಮಾರಿ ಒಬ್ಬರು ನೋಡಾಕತ್ತಾರ?"

"ಅತ್ತೆ, ಅವನಿಗೆ ಅವಳು ಇಷ್ಟ, ಅಷ್ಟೇ," ಎಂದಳು ಮಗಳು.

"ಅಷ್ಟೊತ್ತನಿಂದ ಮಾತಾಡಾಕತ್ತಾರ, ಅರ್ಥ ಇಷ್ಟ ಏನು?" ಎಂದರು ಬೀಗಿತ್ತಿ. "ಹುಡುಗಿ ಕಡೆ ಹಿರಿಯರು ಎಲ್ಲದಾರ?"

"ಅವರಲ್ಲಿ ಹಿರಿಯರು ಬರಲ್ಲ ಅತ್ತೆ."

"ಹಂಗಂದ್ರ ನಾವರ ಕೂಡೂಣು," ಎಂದು ಬೀಗಿತ್ತಿ ಸೀರೆ ಸರಿಮಾಡಿಕೊಂಡು ಕೂತರು ನೋಡಿ! ಅಂದಿನಿಂದ ನಮ್ಮ ಹಾಲ್ ಮದುವೆ ಮಾತುಕತೆಯ ಜಗಲಿಯಾಯಿತು.

ಧಾರವಾಡದ ಕಡೆ ಸಂಬಂಧ ಒಪ್ಪಿಗೆಯಾದರೆ ನೆರೆದವರ ಕೈಗೆಲ್ಲ ಸಕ್ಕರೆ ಹಾಕುತ್ತಾರೆ. ಬೀಗಿತ್ತಿಯ ಮಗ, ನನ್ನ ಮಗಳು ಇಬ್ಬರೂ ತಾವೇ ಮೆಚ್ಚಿ, ತಾವೇ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಹಾರ ಹಾಕಿಕೊಂಡು ಬಂದು ನಮಗೆ ಫೋಟೋ ತೋರಿಸಿದವರು. ಸಕ್ಕರೆಗೆ ಸಮಯ ಎಲ್ಲಿತ್ತು? ಆ ಆಸೆ ಬೀಗಿತ್ತಿಯ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಮಾರನೆಯ ದಿನ ಬಂದಾಗ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಿಟ್ಟರು. ಹೌದು, ಮಾರನೆಯ ದಿನವೇ ಬಂದರು! ನಿನ್ನೆಯ ಪಿಚ್ಚರ್ ಅರ್ಧಕ್ಕೆ ನಿಂತಿತ್ತಲ್ಲ, ಸಂಬಂಧದ ಮಾತು ನಡುವೆ ಬಿಟ್ಟು ಹೋಗುವುದು ಚೆನ್ನಲ್ಲವಂತೆ.

ಪದ್ಧತಿ ಹೀಗಿತ್ತು. ಸೋಫಾದ ಎಡಗಡೆ ಹೆಣ್ಣಿನ ಕಡೆಯವರು, ಬಲಗಡೆ ಗಂಡಿನ ಕಡೆಯವರು. ನಾನು, ಮಗಳು, ಮಗು ಹೆಣ್ಣಿನ ಕಡೆ. ಬೀಗಿತ್ತಿ, ನಮ್ಮ ಯಜಮಾನರು ಗಂಡಿನ ಕಡೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮಂಗಳೂರಿನ ಟೀಚರಮ್ಮ ಶಾಲೆ ಬಿಟ್ಟು ಬಂದರೆ ಮಧ್ಯಸ್ಥರು, ಏಕೆಂದರೆ ಅವರು ಕ್ರಿಶ್ಚಿಯನ್ನರು. ಹಬ್ಬ ಅವರದು, ತೀರ್ಮಾನವೂ ಅವರದು.

"ಟೀಚರಮ್ಮ, ನಿಮ್ಮಲ್ಲಿ ಕ್ರಿಸ್‌ಮಸ್‌ಗೆ ಇಷ್ಟೊಂದು ಜೋಡಿ ಆಗ್ತಾವಾ?" ಎಂದು ಯಜಮಾನರು ಕೇಳಿದರು.

"ಎಂತದು ಅಂಕಲ್! ನಾವು ಚರ್ಚಿಗೆ ಹೋಗಿ ಬಂದು, ಊಟ ಮಾಡಿ, ಒಂದು ನಿದ್ದೆ ಹೊಡೆಯುವುದು. ನನ್ನ ಗಂಡ ಸಂಜೆವರೆಗೆ ಏಳುವುದಿಲ್ಲ," ಎಂದರು ಪಾಪ.

ಪಿಚ್ಚರಿನಲ್ಲಿ ಇಬ್ಬರು ಒಪ್ಪಿದರೋ, ಬೀಗಿತ್ತಿ ಕೈ ಎತ್ತುವರು. ಪಿಚ್ಚರ್ ನಿಲ್ಲಬೇಕು. ಡಬ್ಬಿ ತೆರೆಯಬೇಕು. ಎಲ್ಲರ ಅಂಗೈಗೂ ಚಿಟಿಕೆ ಸಕ್ಕರೆ. ಮಗುವಿನ ಪಾಲನ್ನು ಅದರ ಅಜ್ಜಿಯಾದ ನಾನೇ ತಿನ್ನಬೇಕು!

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ನಾನು ಬೆಲ್ಲದ ಡಬ್ಬಿಯನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಡುವವಳು. ಇಂಗ್ಲಿಷ್ ಪಿಚ್ಚರ್ ಎಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ ಮನುಷ್ಯ ಈಗ ಮಧ್ಯಾಹ್ನವಾದರೆ ಎಲ್ಲರಿಗಿಂತ ಮುಂಚೆ ಸೋಫಾದಲ್ಲಿ ಹಾಜರು!

"ಏನ್ರೀ ಇದು?" ಎಂದು ಗದರಿದರೆ, "ಬೀಗರು ಕೈಯಾರೆ ಕೊಟ್ಟಿದ್ದನ್ನ ಬೇಡ ಅನ್ನಕ್ಕಾಯ್ತದೇನೆ? ಮರ್ಯಾದೆ ಪ್ರಶ್ನೆ!" ಎಂದರು.

ಆಮೇಲಾಮೇಲೆ ಟಿವಿಯಲ್ಲಿ ಒಂದು ಗಂಡು ಒಂದು ಹೆಣ್ಣು ಅಕ್ಕಪಕ್ಕ ನಿಂತರೆ ಸಾಕು, "ಒಪ್ಕೊಂಡ್ರು ಬೀಗ್ರೇ, ಒಪ್ಕೊಂಡ್ರು!" ಎಂದು ಅಂಗೈ ಚಾಚಲು ಶುರುಮಾಡಿದರು. ಒಮ್ಮೆ ಹಾಗೆ ಚಾಚಿ, ಸಕ್ಕರೆಯೂ ಬಿತ್ತು. ಮಗಳು ನಕ್ಕು, "ಅಪ್ಪಾ, ಅವರು ಅಣ್ಣ ತಂಗಿ!" ಎಂದಳು. ಬೀಗಿತ್ತಿ "ಶಿವ ಶಿವಾ!" ಎಂದು ಅವರ ಅಂಗೈಯಿಂದ ಸಕ್ಕರೆಯನ್ನು ಕಾಳುಕಾಳಾಗಿ ವಾಪಸ್ ಆರಿಸಿಕೊಂಡು ಡಬ್ಬಿಗೆ ಹಾಕಿದರು!

ಇನ್ನು ಮುತ್ತು ಕೊಡುವ ದೃಶ್ಯ. ಆಗ ಬೀಗಿತ್ತಿ ತಮ್ಮ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಸೆರಗಿನಿಂದ ಮಗುವಿನ ಕಣ್ಣು ಮುಚ್ಚುತ್ತಾರೆ. "ಕೂಸಿಗೆ ಏನು ಗೊತ್ತಾಗುತ್ತೆ ಅತ್ತೆ?" ಎಂದರೆ, "ಗೊತ್ತಾದ ಮ್ಯಾಲ ಮುಚ್ಚಿದ್ರ ಏನು ಬಂತು?" ಎನ್ನುವರು.

ಆ ಪಿಚ್ಚರಿನಲ್ಲಿ ಬಾಗಿಲ ಮೇಲೆ ಒಂದು ಹಸಿರೆಲೆಯ ಗೊಂಚಲು ಕಟ್ಟಿರುತ್ತಾರೆ. ಅದರ ಕೆಳಗೆ ಗಂಡು ಹೆಣ್ಣು ಎದುರುಬದುರಾದರೆ ಮುತ್ತು ಕೊಡಲೇಬೇಕಂತೆ, ಅದು ಅವರ ಪದ್ಧತಿಯಂತೆ. ಟೀಚರಮ್ಮ ವಿವರಿಸಿ ಹೇಳಿದರು. ಬೀಗಿತ್ತಿ ಗಂಭೀರವಾಗಿ ಕೇಳಿಸಿಕೊಂಡರು. ಅಷ್ಟು ಗಂಭೀರವಾಗಿ ಕೇಳಿಸಿಕೊಂಡದ್ದೇ ಎಡವಟ್ಟಾಯಿತು!

ಅದೇ ವಾರ ಸುಬ್ರಹ್ಮಣ್ಯ ಷಷ್ಠಿ. ನಮ್ಮೂರಿನ ಹಬ್ಬ, ಬಿಡುವುದುಂಟೇ? ಬಾಗಿಲಿಗೆ ದಟ್ಟವಾಗಿ ಮಾವಿನ ತೋರಣ ಕಟ್ಟಿದ್ದೆ. ಸಂಜೆ ಬೀಗಿತ್ತಿ ಬಸ್ಸಿಗೆಂದು ಹೊರಟು ಹೊಸಿಲ ಹತ್ತಿರ ಬರುವುದಕ್ಕೂ, ಯಜಮಾನರು ಅವರೆಕಾಯಿ ಚೀಲ ಹೊತ್ತು ಒಳಗೆ ಬರುವುದಕ್ಕೂ ಸರಿಹೋಯಿತು. ಬೀಗಿತ್ತಿ ತಲೆಯೆತ್ತಿ ಎಲೆ ನೋಡಿದರು. ಯಜಮಾನರೂ ತಲೆಯೆತ್ತಿದರು. ಇಬ್ಬರೂ ಹಾವು ಕಂಡವರ ಹಾಗೆ ಎರಡೆರಡು ಹೆಜ್ಜೆ ಹಿಂದಕ್ಕೆ!

"ನೀವು ಮೊದ್ಲ ಬರ್ರಿ ಬೀಗ್ರ."

"ಅಯ್ಯೋ ಇಲ್ಲ ಇಲ್ಲ, ನೀವೇ ಮೊದ್ಲು ಹೋಗಿ."

ಯಾರೂ ಕದಲರು. ಕೊನೆಗೆ ಬೀಗಿತ್ತಿ, "ನಾ ಹಿತ್ತಲ ಬಾಗ್ಲದಿಂದ ಹೊಂಟೆ," ಎಂದು ಅಡುಗೆಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ಹೆಂಗಸರಿಗೆ ದಾರಿ ಬಿಡಬೇಕೆಂಬ ಮರ್ಯಾದೆಯಿಂದ ಯಜಮಾನರೂ ನೀರಿನ ಸಂಪು ಬಳಸಿಕೊಂಡು ಹಿತ್ತಲ ಬಾಗಿಲಿಗೇ ಬಂದಿದ್ದಾರೆ! ಅಲ್ಲಿ ಮತ್ತೆ ಎದುರುಬದುರು. ನಾನು ಹಿತ್ತಲ ಬಾಗಿಲಿಗೂ ತೋರಣ ಕಟ್ಟಿದ್ದೆ.

ಮಗಳು ನಕ್ಕ ನಗುವಿಗೆ ಮಲಗಿದ್ದ ಮಗು ಎದ್ದು ಕೂಗಿತು. ಬೀಗಿತ್ತಿ ಅಂದು ಎರಡು ಬಸ್ಸು ತಪ್ಪಿಸಿಕೊಂಡು ಮಗುವನ್ನು ತೂಗಿ ಮಲಗಿಸಿ ಹೋದರು. ನಿಜ ಹೇಳಬೇಕೆಂದರೆ ಬಸ್ಸು ತಪ್ಪಿದ ಬೇಜಾರು ಅವರ ಮುಖದಲ್ಲಿ ಎಲ್ಲೂ ಕಾಣಲಿಲ್ಲ.

ಹೀಗೆ ಎರಡೂವರೆ ಗಂಟೆಯ ಪಿಚ್ಚರ್ ವಾರಗಟ್ಟಲೆ ನಡೆಯಿತು. ಅವರು ದಿನಾ ಬಿಟಿಎಂನಿಂದ ಹೊರಟು, ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಡಬ್ಬಿಗೆ ತುಂಬಲು ಸಕ್ಕರೆ ಹಿಡಿದು ಬರುವರು. ಅವರೆಕಾಯಿ ಕಾಲವಲ್ಲವೇ? ನೆನೆಸಿದ ಅವರೆಕಾಳನ್ನು ಎಲ್ಲರ ಮುಂದೆ ಇಟ್ಟುಬಿಡುತ್ತಿದ್ದೆ. ಎರಡು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರಬೇಕು. ಅವರ ಕಡೆ ಇದಿಲ್ಲವಂತೆ. ಮೊದಮೊದಲು ಅವರು ಹಿತುಕಿದ ಬೇಳೆ ಟಿವಿಯಲ್ಲಿನ ಡಾಕ್ಟರ ಮೂಗಿಗೇ ಹೋಗಿ ಬಡಿಯುತ್ತಿತ್ತು. ಆಮೇಲೆ ಎಷ್ಟು ಪಳಗಿದರೆಂದರೆ ಪಾತ್ರೆ ನೋಡದೆಯೇ ಹಿತುಕುವರು, ಬಾಯಲ್ಲಿ ಸಂಬಂಧದ ಮಾತು ನಡೆದೇ ಇರುತ್ತಿತ್ತು.

ಆದರೆ ಕೊನೆಗೆ ಒಂದು ಜಾಗ ಬರುತ್ತದೆ. ಎಲ್ಲ ಜೋಡಿಗಳೂ ಕೂಡಿದ ಮೇಲೆ ಒಬ್ಬಳು ಮುದುಕಿ ಉಳಿಯುತ್ತಾಳೆ. ಅವಳೂ ಬಸ್ಸಿನಲ್ಲಿ ಬಂದವಳೇ. ಒಂದು ಕೇಕಿನ ಡಬ್ಬಿ ಹಿಡಿದುಕೊಂಡು, ಹಿಮದಲ್ಲಿ ನಡೆದು, ಯಾರದೋ ಮನೆಯ ಬಾಗಿಲು ತಟ್ಟಿ ನಿಲ್ಲುತ್ತಾಳೆ. ಅಲ್ಲಿಗೆ ಬಂದರೆ ಸಾಕು, ಬೀಗಿತ್ತಿ ಕೈ ಎತ್ತುವರು.

"ಬಸ್ಸಿಗೆ ಹೊತ್ತಾತ್ರಿ. ಉಳದದ್ದು ನಾಳಿಗಿರ್ಲಿ."

ನಾಳೆ ಬಂದರೆ, "ನಿನ್ನಿದು ಮರ್ತೀನ್ರಿ, ಸ್ವಲ್ಪ ಹಿಂದಕ್ಕ ಹಾಕ್ರಿ," ಎನ್ನುವರು. ಹಿಂದಕ್ಕೆ ಹಾಕಿದರೆ ಮತ್ತೆ ಡ್ರೈವರು, ಬ್ರೆಡ್ಡಿನವಳು, ಮತ್ತೆ ಸಕ್ಕರೆ. ಮತ್ತೆ ಮುದುಕಿ ಬಾಗಿಲಿಗೆ ಬರುವ ಹೊತ್ತಿಗೆ ಇವರಿಗೆ ಬಸ್ಸಿನ ಹೊತ್ತು!

ನಮ್ಮ ಯಜಮಾನರು ಒಂದು ಕಾಲದಲ್ಲಿ ಟೆಂಪೋ ಇಟ್ಟುಕೊಂಡು ಮಾರ್ಕೆಟ್ಟಿಗೆ ಸೊಪ್ಪು ಹೊಡೆದವರು. ಅವರ ಚಿಂತೆಯೆಲ್ಲ ಬಸ್ಸಿನದು. "ಅಲ್ಲ ಕಣೇ, ಆ ಡ್ರೈವರ್ರು ಬರೀ ಬ್ರೆಡ್ ತಿನ್ಕೊಂಡು ಕೂತವ್ನೆ. ಇಂಜಿನ್ ಬಿಚ್ಚಿ ನೋಡ್ದೋರು ಯಾರೂ ಇಲ್ವಾ? ಬಸ್ಸೂ ಮುಂದಕ್ಕೋಯ್ತಿಲ್ಲ, ಪಿಚ್ಚರ್ರೂ ಮುಂದಕ್ಕೋಯ್ತಿಲ್ಲ!" ಎಂದು ಒದ್ದಾಡುವರು.

ಕ್ರಿಸ್‌ಮಸ್ ದಿನ ಟೀಚರಮ್ಮ ಒಂದು ತಟ್ಟೆ ತುಂಬ ಕಲ್ಕಲ್, ರೋಸ್‌ಕುಕ್ಕಿ, ಕೇಕು ತಂದುಕೊಟ್ಟರು. ಎಲ್ಲರೂ ಸೇರಿದ್ದೆವು. ಮಗು ನಿದ್ದೆಗೆ ರಗಳೆ ಮಾಡಿತೆಂದು ಬೀಗಿತ್ತಿ ಅದನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಜೋಗುಳ ಕೇಳಿಸುತ್ತಿತ್ತು.

"ಅವರು ಬರೋದ್ರೊಳಗೆ ಬಸ್ಸಿನ ಕತೆ ಏನಾಯ್ತು ಅಂತ ಒಂಚೂರು ನೋಡ್ಬಿಡಾಣ," ಎಂದು ಯಜಮಾನರು ರಿಮೋಟ್ ಒತ್ತಿಯೇಬಿಟ್ಟರು. ಮುದುಕಿ ಬಾಗಿಲು ತಟ್ಟಿದಳು. ಅದೇ ಹೊತ್ತಿಗೆ ನನ್ನ ಕುಕ್ಕರ್ ಕೂಗಿತು, ನಾನು ಒಳಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಬಸ್ಸು ಹೊಗೆ ಉಗುಳುತ್ತ ಹೊರಟಿತ್ತು, ಯಜಮಾನರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು, ಟಿವಿಯಲ್ಲಿ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತಿದ್ದವು.

ಬೀಗಿತ್ತಿ ಬಾಗಿಲು ತೆರೆದು ಬಂದರು.

"ಮುಗೀತು ಬೀಗ್ರೇ! ಬಸ್ಸು ಸ್ಟಾರ್ಟ್ ಆಯ್ತು!" ಎಂದು ಯಜಮಾನರು ಕೂಗಿದರು.

"ಮುಗೀತೇನ್ರಿ?" ಎಂದರು ಬೀಗಿತ್ತಿ. ಅಷ್ಟೇ. ಟಿವಿಯನ್ನು ಒಂದು ಗಳಿಗೆ ನೋಡಿದರು. ಉಳಿದಿದ್ದ ಸಕ್ಕರೆಯನ್ನು ಎಲ್ಲರ ಕೈಗೂ ಹಾಕಿದರು. ಖಾಲಿ ಡಬ್ಬಿಯನ್ನು ನಮ್ಮ ಸಿಂಕಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡರು. ಅದುವರೆಗೆ ಡಬ್ಬಿ ನಮ್ಮ ಟಿವಿ ಸ್ಟ್ಯಾಂಡಿನ ಮೇಲೇ ಇರುತ್ತಿತ್ತು.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಧ್ಯಾಹ್ನವಾದರೆ ನಾನು ಗೇಟಿನ ಕಡೆ ನೋಡುವುದು, ಯಜಮಾನರು ಬರಿಯ ಅಂಗೈ ನೋಡಿಕೊಳ್ಳುವುದು. ಫೋನ್ ಮಾಡಿದೆ.

"ಯಾಕ್ ಬೀಗ್ರೇ ಬರ್ಲಿಲ್ಲ? ಮೈ ಹುಷಾರಿಲ್ವಾ?"

"ಆರಾಮದೀನ್ರಿ. ಪಿಚ್ಚರ್ ಮುಗೀತಲ್ರೀ. ಇನ್ನ ಸುಮ್ಮಸುಮ್ಮಕ ಬರೂದು ಚಂದ ಕಾಣಂಗಿಲ್ಲ."

"ಬೇರೆ ಪಿಚ್ಚರ್ ಹಾಕಣ ಬನ್ನಿ, ಟಿವಿ ಎಲ್ಲಿಗೂ ಓಡೋಗಲ್ಲ!" ಎಂದೆ ನಗುತ್ತ. ಅವರು ಏನೋ ಹೇಳಿ ಮಾತು ತಿರುಗಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. "ಆ ಪಿಚ್ಚರ್ ಮೇಲೆ ಇವರಿಗೆ ಅದೇನು ಮೋಹವೋ!" ಎಂದು ಮಗಳ ಹತ್ತಿರ ಗೊಣಗಿದೆ. ಮಗಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತದೆ ಅಂದಳು:

"ಅಮ್ಮಾ, ಬಿಟಿಎಂ ಮನೆಯಲ್ಲೂ ಟಿವಿ ಇದೆ. ನಮ್ಮದಕ್ಕಿಂತ ದೊಡ್ಡದು. ಆ ಪಿಚ್ಚರ್ ಅದರಲ್ಲೂ ಬರುತ್ತೆ."

ನನ್ನ ಮುಂದೆ ಹಿತುಕುವ ಕಾಳಿನ ಪಾತ್ರೆ ಇತ್ತು. ಕೈ ಓಡಲಿಲ್ಲ.

ಸಂಕ್ರಾಂತಿ ಕಳೆದು, ಐದನೇ ತಿಂಗಳಿಗೆ ಒಳ್ಳೆಯ ದಿನ ನೋಡಿ ಬೀಗಿತ್ತಿ ಸೊಸೆ, ಮೊಮ್ಮಗಳನ್ನು ಕರೆದೊಯ್ಯಲು ಶಾಸ್ತ್ರೋಕ್ತವಾಗಿ ಬಂದರು. ಈ ಸಲ ಕಾರಣ ಇತ್ತಲ್ಲ, ತಲೆಯೆತ್ತಿಕೊಂಡು ಬಂದರು. ಮಗಳಿಗೆ ಉಡಿ ತುಂಬಿದೆ. ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟೆ. ಕಾರು ತಿರುವು ದಾಟುವವರೆಗೆ ಕೈ ಬೀಸಿದೆ. ಖುಷಿಯಿಂದಲೇ ಬೀಸಿದೆ, ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ.

ಒಳಗೆ ಬಂದರೆ ಮನೆಯಲ್ಲಿ ಸಾಂಬ್ರಾಣಿ ವಾಸನೆ ಇದೆ, ಮಗುವಿಲ್ಲ. ಯಜಮಾನರು ಟಿವಿ ಹಾಕಲಿಲ್ಲ, ನಾನೂ ಹಾಕೆನ್ನಲಿಲ್ಲ. ಬಿಟಿಎಂ ಏನು ದೂರವೇ? ಬನಶಂಕರಿಯಲ್ಲಿ ಬಸ್ಸು ಬದಲಿಸಿದರೆ ಆಯಿತು. ಆದರೆ ಹೆಣ್ಣು ಕೊಟ್ಟವಳು ಕಾರಣವಿಲ್ಲದೆ ದಿನಾ ಮಗಳ ಮನೆಯ ಬಾಗಿಲಲ್ಲಿ ನಿಂತರೆ ಜನ ಏನೆಂದಾರು? ಯಾವ ಜನ ಎಂದು ನೀವು ಈಗ ನನ್ನನ್ನೇ ಕೇಳಬೇಡಿ! ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಾಲ್‌ನಲ್ಲಿದ್ದ ನಾನು "ಏನಮ್ಮಾ?" ಎಂದುಬಿಟ್ಟೆ. ಯಜಮಾನರು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಬರಲಿಲ್ಲ.

ಅಂದು ಮಧ್ಯಾಹ್ನವೇ ಫೋನ್ ಬಂತು. ಬೀಗಿತ್ತಿ.

"ಬೀಗ್ರ, ಒಂದು ಮಾತು ಕೇಳ್ಬೇಕಾಗಿತ್ರಿ. ಆ ಪಿಚ್ಚರಿನ್ಯಾಗ ಕೇಕಿನ ಡಬ್ಬಿ ಹಿಡ್ಕೊಂಡು ನಿಂತಿದ್ಲಲ್ಲ ಮುದುಕಿ, ಆಕಿಗೆ ಬಾಗ್ಲಾ ತಗದ್ರೋ ಇಲ್ಲೋ?"

"ಅಯ್ಯೋ, ನಾನು ಕುಕ್ಕರ್ ಇಳ್ಸಕ್ಕೆ ಹೋಗಿದ್ದೆ ಬೀಗ್ರೇ," ಎಂದೆ. ಫೋನ್ ಹಿಡಿದೇ ಯಜಮಾನರನ್ನು ಕೇಳಿದೆ. "ಯಾವ ಮುದುಕಿ? ನಾನು ಬಸ್ ನೋಡ್ತಿದ್ದೆ," ಎಂದರು.

ಫೋನಿನ ಆ ಕಡೆ ಮಗುವಿನ ಕೇಕೆ ಕೇಳಿಸಿತು. ಬೀಗಿತ್ತಿ ಅಂದರು:

"ಹಂಗಂದ್ರ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅರ್ಧಕ್ಕ ಬಿಡಬಾರ್ದಲ್ರೀ ಬೀಗ್ರ. ನಾಳಿ ಬರ್ರಿ, ಮೊದಲಿಂದ ನೋಡೂಣು."

ಈಗ ನಾನು ದಿನಾ ಹೋಗುತ್ತೇನೆ. ಕೈಯಲ್ಲಿ ಹಿತುಕಿದ ಬೇಳೆಯ ಡಬ್ಬಿ ಇರುತ್ತದೆ. ನಾಲ್ಕನೇ ಮಹಡಿಯ ಬಾಗಿಲು ತಟ್ಟಬೇಕೆಂದು ಕೈ ಎತ್ತುವ ಮೊದಲೇ ಬಾಗಿಲು ತೆರೆಯುತ್ತದೆ, ಕಂಕುಳಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಬೀಗಿತ್ತಿ ನಿಂತಿರುತ್ತಾರೆ. ಮೊದಲ ದಿನ ಅವರು ನನ್ನ ಅಂಗೈಗೆ ಸಕ್ಕರೆ ಹಾಕಿದರು. ಯಾವ ಜೋಡಿಗೆ ಎಂದು ನಾನು ಕೇಳಲಿಲ್ಲ.

ಪಿಚ್ಚರ್ ನಿಧಾನಕ್ಕೆ ನಡೆದಿದೆ. ಮುದುಕಿ ಹಿಮದಲ್ಲಿ ನಡೆದು ಬಂದು ಬಾಗಿಲು ತಟ್ಟುವ ಜಾಗ ಬಂದಾಗ ಬೀಗಿತ್ತಿಗೆ ಈಗ ಕೈ ಎತ್ತುವ ಕೆಲಸವಿಲ್ಲ. ರಿಮೋಟ್ ನನ್ನ ಹತ್ತಿರ ಇರುತ್ತದೆ. "ಬಸ್ಸಿಗೆ ಹೊತ್ತಾಯ್ತು ಬೀಗ್ರೇ, ಉಳಿದದ್ದು ನಾಳೆ," ಎಂದು ನಾನೇ ನಿಲ್ಲಿಸುತ್ತೇನೆ.